ನಾಲ್ಕು ಬೆರಳು ಮುಳುಗಿದ ಬಿಳಿ ಗೆರೆ

ಮೂವತ್ತೆಂಟನೆಯ ಚೀಲ ದೋಣಿಗೆ ಇಳಿಯಿತು. ಬಿಳಿ ಗೆರೆ ಇನ್ನೂ ನೀರಿನ ಮೇಲೆಯೇ ಇತ್ತು.

ಕಡವಿನಾಳದ ಘಾಟಿನಲ್ಲಿ ನೆರೆದ ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು ಎಂದು ಬರೆದರೆ ಸುಳ್ಳಾಗುತ್ತದೆ. ಅರ್ಧ ಜನ ನನ್ನನ್ನು ನೋಡಿ ನಗುತ್ತಿದ್ದರು. ಆಳಂದದ ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಕೂತು ಇಪ್ಪತ್ತೆರಡು ವರ್ಷ ಅರ್ಜಿ ಬರೆದ ಶಾಂತಲಿಂಗಪ್ಪ ಈಗ ಪತ್ತೇದಾರಿಕೆ ಬಿಟ್ಟು ಹಮಾಲಿ ಶುರುಮಾಡಿದ್ದಾನೆ ಎಂದು ಯಾರೋ ಹಿಂದಿನಿಂದ ಅಂದದ್ದೂ ಕೇಳಿಸಿತು. ಅನ್ನಲಿ. ನನಗೆ ಐವತ್ತೆರಡು ವಯಸ್ಸು, ಕಿವಿ ಇನ್ನೂ ಚುರುಕಾಗಿದೆ, ಅಂದವನ ಮುಖವನ್ನು ನೆನಪಿಟ್ಟುಕೊಂಡಿದ್ದೇನೆ.

ಮೆಟ್ಟಿಲ ಪಕ್ಕದಲ್ಲಿ ಅಂಬಿಗರ ಪೀರಪ್ಪ ನಿಂತಿದ್ದ. ಎರಡೂ ಕೈಗಳನ್ನು ಹಗ್ಗದಿಂದ ಬಿಗಿದಿದ್ದರು. ಹಗ್ಗದ ಇನ್ನೊಂದು ತುದಿ ಪೊಲೀಸ್ ಜವಾನನ ಕೈಯಲ್ಲಿತ್ತು. ಮೇಲೆ ರಸ್ತೆಯಲ್ಲಿ ಅವನನ್ನು ಕಲಬುರಗಿಯ ಜೈಲಿಗೆ ಒಯ್ಯುವ ಲಾರಿ ನಿಂತಿತ್ತು. ಹನ್ನೆರಡಕ್ಕೆ ಅದು ಹೊರಡಬೇಕು. ಡ್ರೈವರನಿಗೆ ನಮ್ಮ ನಾಟಕ ಬೇಸರವಾಗಿ ಆಗಾಗ ಹಾರ್ನ್ ಒತ್ತುತ್ತಿದ್ದ.

ಐದು ದಿನದ ಹಿಂದೆ ಇದೇ ಘಾಟಿನಿಂದ ಹೊಳೆಯ ಹರಿವಿನ ಜೊತೆ ಕೆಳಗೆ, ನಿಜಾಮರದೇ ಆದ ಜೇವರ್ಗಿಯ ಗಂಜಿ ಕೇಂದ್ರಕ್ಕೆ ನಲವತ್ತು ಚೀಲ ಜೋಳ ಹೊತ್ತು ಹೊರಟ ಪೀರಪ್ಪನ ದೋಣಿ ನಡುಹೊಳೆಯಲ್ಲಿ ಮುಳುಗಿ, ಜೋಳವೂ ಹೋಗಿ, ಜೊತೆಗಿದ್ದ ಸರ್ಕಾರಿ ಗುಮಾಸ್ತ ದಶರಥನೂ ಕಾಣೆಯಾಗಿದ್ದ. ಪೀರಪ್ಪನೊಬ್ಬನೇ ಈಜಿ ದಂಡೆಗೆ ಬಂದಿದ್ದ. ಬದುಕಿ ಬಂದದ್ದೇ ಅವನ ಅಪರಾಧವಾಗಿತ್ತು.

ಕಾಯಿದೆ ಅಂಥದ್ದು. ಸಮುದ್ರದ ಹಡಗುಗಳಿಗೆ ಇಂಗ್ರೇಜರು ಒಂದು ಕಾನೂನು ಮಾಡಿದ್ದಾರಂತೆ, ಹೊಟ್ಟೆಯ ಮೇಲೆ ಗೆರೆ ಬಳಿಯಬೇಕು, ಗೆರೆ ಮುಳುಗುವಷ್ಟು ಸಾಮಾನು ತುಂಬಬಾರದು. ಅದನ್ನು ಓದಿದ ಯಾರೋ ಬುದ್ಧಿವಂತ ಅಧಿಕಾರಿ ನಮ್ಮ ಭೀಮೆಯ ದೋಣಿಗಳಿಗೂ ಬಿಳಿ ಗೆರೆ ಬಳಿಸಿದ. ಗೆರೆ ಮುಳುಗಿಸಿ ದೋಣಿ ಬಿಟ್ಟರೆ ಪರವಾನಗಿ ರದ್ದು. ಆ ದೋಣಿಯಲ್ಲಿ ಮನುಷ್ಯ ಸತ್ತರೆ ಏಳು ವರ್ಷ ಜೈಲು. ಮುಳುಗಿದ್ದು ಬಡವರ ಗಂಜಿಯ ಜೋಳವಾದರೆ ಇನ್ನೂ ಮೂರು ವರ್ಷ. ಹತ್ತು ವರ್ಷ ಪೀರಪ್ಪ ಬದುಕಿರುತ್ತಾನೆಂದು, ಅವನ ಪರ ಅರ್ಜಿ ಬರೆಸಲು ನನ್ನ ಬಳಿ ಬಂದ ಹೆಂಡತಿ ಸಾಬವ್ವನಿಗೂ ನಂಬಿಕೆ ಇರಲಿಲ್ಲ, ನನಗೂ ಇರಲಿಲ್ಲ.

ಮೂವತ್ತೊಂಬತ್ತು. ನಲವತ್ತು.

ಹಮಾಲರು ಹಿಂದೆ ಸರಿದರು. ದೋಣಿ ಸ್ವಲ್ಪ ಹೊಯ್ದಾಡಿ ನಿಂತಿತು. ನಾನು ತನಿಖೆಯ ಪೊಲೀಸ್ ಅಧಿಕಾರಿ ಅಮೀನ ಬುರಾನುದ್ದೀನ ಸಾಹೇಬರ ಮುಖ ನೋಡಿದೆ. ಅವರು ಬೂಟು ಬಿಚ್ಚಿ, ಪೈಜಾಮ ಮೊಣಕಾಲಿಗೆ ಏರಿಸಿ, ನೀರಿಗಿಳಿದು ಗೆರೆಯ ಕೆಳಗೆ ತಮ್ಮ ಬೆರಳನ್ನೇ ಇಟ್ಟು ಅಳೆದರು. ಇನ್ನೊಬ್ಬರ ಕಣ್ಣನ್ನು ನಂಬುವವರ ಪೈಕಿಯಲ್ಲ ಅವರು. ಅದಕ್ಕೇ ಅವರ ಮೇಲೆ ನನಗೆ ಸಿಟ್ಟೂ ಇದೆ, ಗೌರವವೂ ಇದೆ.

"ಗೆರೆ ನೀರಿನ ಮ್ಯಾಲೇ ಅದ," ಎಂದರು ಅವರು. "ಎರಡು ಬೆರಳು ಮ್ಯಾಲ."

ನಾನು ಘಾಟಿನ ಕಾವಲುಗಾರನನ್ನು ಮುಂದೆ ಕರೆದೆ. ಪೀರಪ್ಪನ ವಿರುದ್ಧ ಸಾಕ್ಷಿ ಹೇಳಿದವನು ಇವನೇ. ಪಾಪ, ಸುಳ್ಳು ಹೇಳುವ ಮನುಷ್ಯನಲ್ಲ. ಆ ದಿನ ಎಷ್ಟು ಚೀಲ ಎಣಿಸಿದೆ ಎಂದು ಕೇಳಿದೆ. ನಲವತ್ತೇ ಎಂದ. ದೋಣಿ ಹೊರಟಾಗ ಗೆರೆ ಎಲ್ಲಿತ್ತು ಎಂದು ಕೇಳಿದೆ. ನೀರಿನೊಳಗೆ ನಾಲ್ಕು ಬೆರಳು ಮುಳುಗಿತ್ತು, ಕಾಯಿದೆ ಪ್ರಕಾರ ಬರೆದುಕೊಂಡೆ ಎಂದ. ಈ ದೋಣಿಗೂ ಮುಳುಗಿದ ದೋಣಿಗೂ ಏನು ವ್ಯತ್ಯಾಸ ಎಂದು ಕೇಳಿದೆ. ಒಬ್ಬನೇ ಬಡಿಗ, ಒಂದೇ ಅಳತೆ, ಒಂದೇ ದಿನ ಬಳಿದ ಗೆರೆ ಎಂದ.

"ಅಮೀನ ಸಾಹೇಬ್ರ," ಎಂದೆ ನಾನು, "ನಲವತ್ತು ಚೀಲ ಜೋಳಕ್ಕ ಈ ದೋಣಿ ಗೆರೆ ಮುಳಗೋದಿಲ್ಲ. ನೀವ ಅಳದೀರಿ. ಆವತ್ತು ನಲವತ್ತಕ್ಕ ಮುಳಗಿತ್ತು. ಅಂದ ಮ್ಯಾಲ ಆ ಚೀಲದಾಗ ಇದ್ದದ್ದು ಜೋಳ ಅಲ್ಲ."

ನಗು ನಿಂತಿತು. ನಾನು ಹಿಂದೆ ತಿರುಗಿ ಹಮಾಲಿ ಎಂದವನನ್ನು ಒಂದು ಸಲ ನೋಡಿದೆ. ಅವನು ಆಕಾಶ ನೋಡುತ್ತಿದ್ದ.

ಈ ಸಾದಾ ಲೆಕ್ಕ ನನ್ನ ತಲೆಗೆ ಹೊಳೆಯಲು ನಾಲ್ಕು ದಿನ ಬೇಕಾಯಿತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಯಾರೋ ಎರಡೂ ದೋಣಿಗಳ ಗೆರೆಯನ್ನೇ ಅಳಿಸಿ ಕೆಳಗೆ ಬಳಿದಿದ್ದಾರೆ ಎಂದು ನಂಬಿ, ಮೂರು ದಿನ ದಂಡೆಯಲ್ಲುಳಿದ ಈ ದೋಣಿಯ ಪಕ್ಕ ಕೂತು ಚಾಕುವಿನಿಂದ ಬಣ್ಣ ಕೆರೆದಿದ್ದೆ. ಉಗುರಿನೊಳಗೆ ಸುಣ್ಣ ಹೊಕ್ಕಿತೇ ಹೊರತು ಬೇರೇನೂ ಸಿಗಲಿಲ್ಲ. ಗೆರೆ ಪ್ರಾಮಾಣಿಕವಾಗಿತ್ತು. ಎಣಿಕೆ ಪ್ರಾಮಾಣಿಕವಾಗಿತ್ತು. ಎರಡೂ ನಿಜವಾದರೆ ಸುಳ್ಳು ಚೀಲದೊಳಗೇ ಇರಬೇಕು.

ಛತ್ರಿಯ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ದೌಲತರಾಯ ಪಾಟೀಲರು ಆಗ ಬಾಯಿ ಬಿಟ್ಟರು. ಕಡವಿನಾಳದ ಅರ್ಧ ಹೊಲ ಅವರದು. ಆಳಂದದ ಉಗ್ರಾಣದಿಂದ ಬಂದ ಪರಿಹಾರದ ಜೋಳವನ್ನು ಘಾಟಿಗೆ ಸಾಗಿಸುವ ಗುತ್ತಿಗೆಯೂ ಅವರದೇ. ದೋಣಿ ಹೊರಡುವ ಹಿಂದಿನ ಸಂಜೆ ಬಂದ ಆ ನಲವತ್ತು ಚೀಲ ಒಂದು ರಾತ್ರಿ ಅವರ ಕೋಟೆಮನೆ ವಾಡೆಯಲ್ಲಿದ್ದು, ಬೆಳಿಗ್ಗೆ ಅವರ ಆಳುಗಳ ಹೆಗಲ ಮೇಲೆ ದೋಣಿಗೆ ಬಂದಿತ್ತು. ಪಾಟೀಲರು ಎಂದೂ ದನಿ ಏರಿಸಿದವರಲ್ಲ, ಅಂದೂ ಏರಿಸಲಿಲ್ಲ. ಆ ಸಂಜೆ ಮಳೆ ಸುರಿದಿತ್ತು, ತೊಯ್ದ ಜೋಳ ತೂಕ ಬರುವುದು ಸಹಜ, ಇಷ್ಟು ಸಣ್ಣ ಮಾತು ಶಾಂತಲಿಂಗಪ್ಪನವರಂಥ ಓದಿಕೊಂಡವರಿಗೆ ಹೊಳೆಯಲಿಲ್ಲವೇ ಎಂದು ನಯವಾಗಿ ಕೇಳಿದರು.

ನಾನು ಈ ಪ್ರಶ್ನೆಗಾಗಿ ಮುಂಜಾನೆಯಿಂದ ಕಾಯುತ್ತಿದ್ದೆ. ಜೋಬಿನಿಂದ ಅವರದೇ ಹೇಳಿಕೆಯ ನಕಲು ತೆಗೆದು ಓದಿದೆ. ಅದರಲ್ಲಿ ಪಾಟೀಲರು, ಬಡವರ ಜೋಳವೆಂದು ತಾವು ಚೀಲಗಳನ್ನು ಮಳೆ ಹನಿ ತಾಗುವ ಮೊದಲೇ ಹೆಂಚಿನ ಪಡಸಾಲೆಗೆ ಸೇರಿಸಿ, ಬೆಳಿಗ್ಗೆ ಒಣಗಿದ್ದು ಒಣಗಿದ ಹಾಗೇ ದೋಣಿಗೆ ಕೊಟ್ಟೆನೆಂದು ಎದೆ ತಟ್ಟಿ ಬರೆಸಿದ್ದರು. ಕೆಳಗೆ ಅವರ ಸಹಿಯೂ ಇತ್ತು. ಅವರು ಸಹಿಯನ್ನು ನೋಡಿ ಛತ್ರಿಯನ್ನು ಸ್ವಲ್ಪ ಮುಂದಕ್ಕೆ ವಾಲಿಸಿಕೊಂಡರು.

ಜೋಳ ಅಲ್ಲದಿದ್ದರೆ ಏನಿತ್ತು ಎಂದು ಅಮೀನರು ಕೇಳಿದರು. ಉತ್ತರ ನನ್ನದಲ್ಲ, ಸಾಬವ್ವನದು. ಆಕೆಯನ್ನು ಮುಂದೆ ಬರಹೇಳಿದೆ. ಕೆಲಸ ಮಾಡಿ ಕೈ ಒರಟಾದ, ಮಾತು ಅದಕ್ಕಿಂತ ಒರಟಾದ ಹೆಣ್ಣುಮಗಳು. ಮೊದಲನೆಯ ದಿನವೇ ಆಕೆ ನನಗೆ ಈ ಮಾತು ಹೇಳಲು ಬಂದಿದ್ದಳು. ನಾನು ಬಣ್ಣ ಕೆರೆಯುವ ಗಡಿಬಿಡಿಯಲ್ಲಿ, ಆಮೇಲೆ ಬಾರವ್ವ ಎಂದು ಕಳಿಸಿಬಿಟ್ಟಿದ್ದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ನಾಚಿಕೆಯಾಗುತ್ತದೆ.

"ದೋಣಿ ಮುಳಗಿದ ಜಾಗದಾಗ ಹೊಟ್ಟು ತೇಲಿತ್ತರಿ," ಎಂದಳು ಸಾಬವ್ವ. "ಹೊಳಿ ತುಂಬ ಹೊಟ್ಟು. ಜ್ವಾಳ ಆಗಿದ್ರ ತಳಕ್ಕ ಹೋಗತಿತ್ತು. ಇದು ತೇಲಕೋತ ಹೋತು. ನಾ ಸೆರಗಿಲೇ ಹಿಡಿದೇನಿ, ನೋಡ್ರಿ."

ಸೆರಗಿನ ಗಂಟು ಬಿಚ್ಚಿದಳು. ಒಂದು ಹಿಡಿ ಹೊಟ್ಟು, ಅದಕ್ಕೆ ಅಂಟಿದ ಉಸುಕಿನ ಕಣ. ಐದು ದಿನ ಆಕೆ ಅದನ್ನು ಬಿಚ್ಚದೆ ಕಟ್ಟಿಕೊಂಡೇ ತಿರುಗಿದ್ದಳು.

ಬರೀ ಹೊಟ್ಟು ತುಂಬಿದ್ದರೆ ಚೀಲ ತೇಲುತ್ತಿತ್ತು, ಗುಟ್ಟು ಬಯಲಾಗುತ್ತಿತ್ತು. ಜೋಳ ಹೊಳೆಪಾಲಾಯಿತೆಂದು ತೋರಿಸಬೇಕಾದರೆ ದೋಣಿಯ ಜೊತೆ ಚೀಲವೂ ಮುಳುಗಲೇಬೇಕಿತ್ತು, ಅದಕ್ಕೇ ಉಸುಕು ಬೆರೆಸಿದರು. ಎಷ್ಟು ಬೆರೆಸಿದರು? ನಮ್ಮ ಕಡೆಯವರು ಮಾಡುವ ತಪ್ಪನ್ನೇ ಮಾಡಿದರು. ನಮ್ಮಲ್ಲಿ ಜೋಳವನ್ನು ಯಾರೂ ತೂಗುವುದಿಲ್ಲ, ಸೇರಿನಿಂದ ಅಳೆಯುತ್ತಾರೆ. ಹೆಂಗಸರು, ಗಂಡಸರು, ಆಳು, ಧಣಿ, ಎಲ್ಲರ ಕೈಯೂ ಅಳತೆಗೇ ಪಳಗಿದ್ದು. ಒಂದು ಚೀಲಕ್ಕೆ ಎಷ್ಟು ಸೇರು ಜೋಳವೋ ಅಷ್ಟೇ ಸೇರು ಹೊಟ್ಟು ಉಸುಕು ಅಳೆದು ಸುರಿದರು. ಚೀಲ ನೋಡಲು ಅಷ್ಟೇ ದಪ್ಪ ಬಂತು. ಉಸುಕು ಜೋಳಕ್ಕಿಂತ ಭಾರ, ತೂಕ ಮಾತ್ರ ಹೆಚ್ಚು ಬಂತು. ಹೊರುವವರು ಪಾಟೀಲರ ಆಳುಗಳು, ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟದ್ದು ಗೆರೆ.

ಪೀರಪ್ಪನಿಗೂ ಗೆರೆ ಮುಳುಗುತ್ತಿರುವುದು ಕಂಡಿತ್ತು. ಹೇಳಿದ್ದ ಕೂಡ. ಪರವಾನಗಿಯಲ್ಲಿ ನಲವತ್ತು ಚೀಲವೆಂದಿದೆ, ನಲವತ್ತೇ ಇವೆ, ಜೇವರ್ಗಿಯಲ್ಲಿ ಮಂದಿ ಹಸಿದು ಕೂತಿದ್ದಾರೆ, ದೋಣಿ ಬಿಡು ಎಂದು ಪಾಟೀಲರು ಗದರಿದ್ದರಂತೆ. ಇದನ್ನೂ ಅವನು ಮೊದಲ ದಿನವೇ ಹೇಳಿದ್ದ. ಅಂಬಿಗನ ಮಾತನ್ನು ಯಾರೂ ಬರೆದುಕೊಂಡಿರಲಿಲ್ಲ.

ಅಮೀನರು ಸಾಬವ್ವನ ಹೊಟ್ಟನ್ನು ಕರವಸ್ತ್ರದಲ್ಲಿ ಕಟ್ಟಿ ಜೋಬಿಗೆ ಹಾಕಿಕೊಂಡರು. ಆಮೇಲೆ ಚೀಲಗಳನ್ನು ದೋಣಿಯಿಂದ ಇಳಿಸಿ ಬಂಡಿಗೆ ಹೇರಿರೆಂದು ಹಮಾಲರಿಗೆ ಹೇಳಿ, ಬೂಟಿಗೆ ಕಾಲು ತೂರಿಸುತ್ತಾ ನನ್ನನ್ನು ಕೇಳಿದರು.

"ಹಂಗಾದ್ರ ಅಸಲಿ ಜೋಳ ಎಲ್ಲದ?"

"ವಾಡೆ ಬಿಟ್ಟು ಹೋಗಿಲ್ರಿ," ಎಂದೆ.

ಅದು ಊಹೆಯಲ್ಲ. ಆ ಸಂಜೆ ಮಳೆ ಬಿದ್ದದ್ದು ಬಂಡಿ ಒಳಗೆ ಬಂದ ಮೇಲೆ. ನಮ್ಮ ಎರೆಮಣ್ಣು ತೊಯ್ದರೆ ಬೆಕ್ಕು ನಡೆದರೂ ಗುರುತು ಉಳಿಯುತ್ತದೆ. ಮರುದಿನ ಬೆಳಿಗ್ಗೆ ವಾಡೆಯಿಂದ ಘಾಟಿಗೆ ಆಳುಗಳು ನಡೆದ ಹೆಜ್ಜೆ ಇತ್ತು, ಬೇರೆ ಯಾವ ದಿಕ್ಕಿಗೂ ಗಾಲಿಯ ಗುರುತಿರಲಿಲ್ಲ. ಅಮೀನರೇ ಎರಡನೆಯ ದಿನ ವಾಡೆಯ ಪಡಸಾಲೆ, ಅಟ್ಟ, ಕಣಜ ಎಲ್ಲಾ ಹುಡುಕಿದ್ದರು. ಒಂದನ್ನು ಮಾತ್ರ ಬಿಟ್ಟಿದ್ದರು. ದನದ ಕೊಟ್ಟಿಗೆಯ ಹಗೇವು, ಕಾಳು ಕೂಡಿಡುವ ನೆಲಗುಂಡಿ.

ಗಂಜಿ ಕೇಂದ್ರದ ಕಾಯಿದೆಯ ಹನ್ನೊಂದನೆಯ ಕಲಮನ್ನು ನಾನು ಬಾಯಿಪಾಠ ಒಪ್ಪಿಸಿದೆ. ಪರಿಹಾರದ ಧಾನ್ಯ ಅಡಗಿಸಿದ ಗುಮಾನಿ ಬಂದರೆ ಐದು ಜನ ಪಂಚರ ಎದುರು ಯಾರ ಮನೆಯ ಯಾವ ದಾಸ್ತಾನನ್ನಾದರೂ ತೆರೆಯಬಹುದು. ಈ ಕಲಮು ಇಲ್ಲಿಯವರೆಗೆ ಬಡ ಕಿರಾಣಿ ಅಂಗಡಿಗಳ ಮೇಲೆ ಮಾತ್ರ ಬಿದ್ದಿತ್ತು. ವಾಡೆಯ ಹೊಸ್ತಿಲು ದಾಟಿದ್ದು ಅಂದೇ ಮೊದಲು.

ಕೊಟ್ಟಿಗೆ ಹಗಲಿನಲ್ಲೂ ಕತ್ತಲೆ. ಮೂಲೆಯಲ್ಲಿ ದನದ ಮೇವಿನ ಕಣಿಕೆಯ ರಾಶಿ, ಅದನ್ನು ಸರಿಸಿದರೆ ಹಗೇವಿನ ಬಾಯಿಗೆ ಮುಚ್ಚಿದ ದೊಡ್ಡ ಕಲ್ಲು, ಕಾಣುವ ಅಂಚಿಗೆಲ್ಲ ಮೆತ್ತಿದ ಮಣ್ಣು. ಜವಾನ ಪೀರಪ್ಪನನ್ನು ಹಗ್ಗ ಹಿಡಿದೇ ಕರೆತಂದ, ಪಾಟೀಲರು ನಮ್ಮ ಹಿಂದೆಯೇ ಬಂದರು. ಅವರು ತಡೆಯಲಿಲ್ಲ. ತಡೆಯದಿರುವುದೇ ಅವರ ಜಾಣತನ.

"ತೆರೀರಿ, ನಂದೇನೂ ಅಭ್ಯಂತರ ಇಲ್ಲ," ಎಂದರು. "ಹೋದ ಯುಗಾದಿಗೆ ಮುಚ್ಚಿದ್ದು. ಹನ್ನೊಂದು ತಿಂಗಳಾತು. ಆದ್ರ ಇವತ್ತು ಕಲ್ಲು ತೆಗದು ನಾಳಿ ಇಳೀರಿ. ಮುಚ್ಚಿದ ಹಗೇವಿನಾಗ ಇಳದವ್ರು ಏನಾಗ್ಯಾರಂತ ನಿಮಗೂ ಗೊತ್ತದ. ಯಾರರೆ ಸತ್ರ ನನ್ನ ತಲಿ ಮ್ಯಾಲ ಹಾಕಬ್ಯಾಡ್ರಿ."

ಪಂಚರು ಒಂದು ಹೆಜ್ಜೆ ಹಿಂದೆ ಸರಿದರು. ಅವರ ತಪ್ಪಲ್ಲ. ನಮ್ಮ ನಾಡಿನಲ್ಲಿ ಹಗೇವಿನ ಉಸಿರಿಗೆ ಹೆದರದವರಿಲ್ಲ. ನೆಲದೊಳಗೆ ನಾಲ್ಕಾಳು ಆಳದ ಗುಂಡಿ, ತಿಂಗಳುಗಟ್ಟಲೆ ಮುಚ್ಚಿಟ್ಟ ಜೋಳ, ಅದರ ಕಾವಿಗೆ ಒಳಗಿನ ಗಾಳಿಯೆಲ್ಲ ಕೆಟ್ಟು ಹೋಗುತ್ತದೆ. ಬಾಯಿ ತೆರೆದ ದಿನವೇ ಇಳಿದವನು ಮೇಲೆ ಬರುವುದಿಲ್ಲ, ಅವನನ್ನು ಎತ್ತಲು ಇಳಿದವನೂ ಬರುವುದಿಲ್ಲ. ಅದಕ್ಕೇ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟು ಆಮೇಲೆ ಇಳಿಯುವುದು ಪದ್ಧತಿ. ಒಳ್ಳೆಯ ಪದ್ಧತಿಯೇ. ಆದರೆ ಆ ಒಂದು ರಾತ್ರಿ ಪಾಟೀಲರಿಗೆ ಸಾಕಾಗುತ್ತಿತ್ತು. ಅಷ್ಟು ಹೊತ್ತಿಗೆ ಪೀರಪ್ಪ ಕಲಬುರಗಿಯಲ್ಲಿರುತ್ತಿದ್ದ.

ರಸ್ತೆಯಿಂದ ಲಾರಿಯ ಹಾರ್ನ್ ಕೇಳಿಸಿತು. ಅಮೀನರು ಗಡಿಯಾರ ನೋಡಿಕೊಂಡರು. ಹನ್ನೆರಡಕ್ಕೆ ಹತ್ತು ನಿಮಿಷ.

ನಾನು ಕಿಣ್ಣಿ ಸುಲ್ತಾನದವನು. ನಮ್ಮಪ್ಪ ಊರಿನ ಹಗೇವುಗಳನ್ನು ತೆರೆಯುವ, ಮುಚ್ಚುವ ಕೆಲಸ ಮಾಡಿದವನು. ಇಳಿಯುವ ಮೊದಲು ಅವನು ಏನು ಮಾಡುತ್ತಿದ್ದ ಎಂದು ನನಗೆ ಗೊತ್ತಿತ್ತು. ಒಂದು ಕಂದೀಲು ತರಿಸಿರಿ ಎಂದೆ.

ಕಂದೀಲು ಬಂತು. ಹಗ್ಗ ಸಿಗಲಿಲ್ಲ. ದನದ ಹಗ್ಗಗಳನ್ನೆಲ್ಲ ಪಾಟೀಲರ ಆಳುಗಳು ಅದ್ಯಾವ ಮಾಯದಲ್ಲೋ ಅಡಗಿಸಿಬಿಟ್ಟಿದ್ದರು. ಅಮೀನರು ಸುತ್ತ ನೋಡಿದರು. ಆಮೇಲೆ ಪೀರಪ್ಪನ ಕಡೆ ನಡೆದು ಅವನ ಕೈಯ ಗಂಟನ್ನು ತಾವೇ ಬಿಚ್ಚಿದರು. ನಾಲ್ಕು ಮಾರು ಉದ್ದದ ಹಗ್ಗ. ಪೀರಪ್ಪ ಮಣಿಕಟ್ಟು ಉಜ್ಜಿಕೊಳ್ಳುತ್ತಾ ಏನೂ ತಿಳಿಯದವನಂತೆ ನಿಂತ.

ನಾಲ್ಕು ಜನ ಹಾರೆ ಹಾಕಿ ಕಲ್ಲನ್ನು ಎತ್ತಿದರು. ನಾನು ಕಂದೀಲನ್ನು ಹಗ್ಗಕ್ಕೆ ಕಟ್ಟಿ ಹಗೇವಿನ ಬಾಯಿಗೆ ಇಳಿಬಿಟ್ಟೆ.

"ಪಾಟೀಲರ," ಎಂದೆ, "ಹನ್ನೊಂದು ತಿಂಗಳು ಮುಚ್ಚಿದ್ದು ಖರೆ ಇದ್ರ ಈ ದೀಪ ಒಂದಾಳಿಗೆ ಆರಬೇಕು. ಆರಿದ್ರ ನಾ ಇಲ್ಲೇ ನಿಮ್ಮ ಕಾಲು ಹಿಡದು ತಪ್ಪಾತು ಅಂತೇನಿ."

ಒಂದು ಮಾರು ಬಿಟ್ಟೆ. ದೀಪ ಉರಿಯುತ್ತಿತ್ತು. ಎರಡು ಮಾರು. ಉರಿಯುತ್ತಿತ್ತು. ಕಾಲು ಹಿಡಿಯುವ ಮಾತನ್ನು ನಾನು ಸುಮ್ಮನೆ ಆಡಿರಲಿಲ್ಲ. ಮೂರು ಮಾರು. ಕಂದೀಲಿನ ತಳ ಯಾವುದಕ್ಕೋ ತಾಗಿ ನಿಂತಿತು. ದೀಪ ಅಲುಗಾಡದೆ, ದೇವರ ಮನೆಯಲ್ಲಿ ಉರಿದ ಹಾಗೆ ಉರಿಯುತ್ತಿತ್ತು. ಅದರ ಬೆಳಕಿನಲ್ಲಿ ಚೀಲಗಳು ಕಂಡವು.

ಪಾಟೀಲರ ಹಣೆಯಲ್ಲಿ ಬೆವರು ಬಂದಿತ್ತು. ಆ ಹಗೇವು ಹನ್ನೊಂದು ತಿಂಗಳಲ್ಲ, ಹನ್ನೊಂದು ತಾಸೂ ಪೂರ್ತಿ ಮುಚ್ಚಿರಲಿಲ್ಲ. ಎತ್ತಿದ ಕಲ್ಲನ್ನು ನೋಡಿದಾಗ ಕಾರಣ ತಿಳಿಯಿತು. ಮೆತ್ತಿದ ಮಣ್ಣು ಒಳಗೆ ಇನ್ನೂ ಹಸಿಯಿತ್ತು, ಗೋಡೆಯ ಕಡೆಯ ಅಂಚಿಗೆ ಮೆತ್ತಿರಲೇ ಇಲ್ಲ, ಒಂದು ಗೇಣು ಜಾಗ ಬಿಟ್ಟು ಹುಲ್ಲು ತುರುಕಿದ್ದರು. ಗಾಳಿ ಆಡಲೆಂದೇ ಮಾಡಿದ ಕಿಂಡಿ. ಜೋಳಕ್ಕೆ ಗಾಳಿ ಏಕೆ ಬೇಕೆಂದು ಆ ಕ್ಷಣ ನಾನು ಕೇಳಿಕೊಳ್ಳಲಿಲ್ಲ. ಗೆದ್ದ ಹುಮ್ಮಸ್ಸು ಹಾಗೆಯೇ, ಕಣ್ಣಿಗೆ ಕಂಡದ್ದನ್ನೂ ಮರೆಸುತ್ತದೆ.

ಯಾರು ಇಳಿಯುತ್ತೀರಿ ಎಂದು ಅಮೀನರು ಕೇಳಿದರು. ದೀಪ ಉರಿಯುತ್ತಿದ್ದರೂ ಪಂಚರು ನೆಲ ನೋಡಿದರು.

"ನಾ ಇಳೀತೇನಿರಿ," ಎಂದ ಪೀರಪ್ಪ. "ಹೊಳ್ಯಾಗ ಸಾಯಲಿಲ್ಲ. ಇಲ್ಲಿ ಸಾಯೋದಿಲ್ಲ."

ಸಾಬವ್ವ ತಡೆಯಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹಗ್ಗದ ತುದಿಯನ್ನು ತಾನೇ ಹಿಡಿದಳು. ಪೀರಪ್ಪ ಇಳಿದ. ಕೆಳಗಿನಿಂದ ಅವನ ದನಿ ಬಂತು, ಚೀಲದ ಮೇಲೆ ಕೆಂಪು ಠಸ್ಸೆ ಇದೆ ಎಂದ. ಪರಿಹಾರದ ಜೋಳಕ್ಕೆ ಆಳಂದದಲ್ಲಿ ಒತ್ತುವ ಠಸ್ಸೆ. ಒಂದು ಹಿಡಿ ಜೋಳ ಮೇಲೆ ಬಂತು. ಅಮೀನರು ಅದನ್ನು ಅಂಗೈಯಲ್ಲಿ ಹರಡಿ, ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು ಕಡಿದರು. ಬಿಳಿ, ಒಣ, ಮುಗ್ಗಲು ವಾಸನೆಯಿಲ್ಲದ ಹೊಸ ಜೋಳ.

ನೋಡುತ್ತಿದ್ದಂತೆ ಸುದ್ದಿ ವಾಡೆಯ ಹೊರಗೆ ಹೋಯಿತು. ಹಲಗೆ ಬಾರಿಸುವ ಸದ್ದು ಶುರುವಾಯಿತು. ಯಾರೋ ಓಡಿಹೋಗಿ ಲಾರಿಯವನಿಗೆ ನಿನ್ನ ಗಿರಾಕಿ ಬದಲಾದ ಎಂದು ಹೇಳಿಬಂದರಂತೆ. ಜೇವರ್ಗಿಯ ಗಂಜಿ ಕೇಂದ್ರದಲ್ಲಿ ಐದು ದಿನದಿಂದ ಅರ್ಧ ಹೊಟ್ಟೆಗೆ ಎದ್ದು ಹೋಗುತ್ತಿದ್ದ ಮುನ್ನೂರು ಜನರಿಗೆ ನಾಳೆಯಿಂದ ತುಂಬಿದ ಬಟ್ಟಲು. ನನಗೆ ಸಂತೋಷ ಉಕ್ಕಿ ಬಂದು, ಪಕ್ಕದಲ್ಲಿ ನಿಂತವನನ್ನು ತಬ್ಬಿಕೊಂಡೆ. ನೋಡಿದರೆ ಅವನೇ, ಹಮಾಲಿ ಅಂದವನು. ತಬ್ಬಿದ್ದು ತಬ್ಬಿದ ಮೇಲೆ ಬಿಡುವುದೇಕೆಂದು ಇನ್ನೊಮ್ಮೆ ಬಿಗಿಯಾಗಿ ತಬ್ಬಿದೆ.

ಅಷ್ಟರಲ್ಲಿ ಪೀರಪ್ಪ ಕೆಳಗಿನಿಂದ ಮತ್ತೆ ಕರೆದ. ಈ ಸಲ ದನಿ ಸಣ್ಣದಾಗಿತ್ತು.

"ಅಪ್ಪೋರ, ಇಲ್ಲಿ ಇನ್ನೊಂದು ಅದರಿ."

ಹಗ್ಗ ಜಗ್ಗಿದೆವು. ಅರಿವೆಯ ಗಂಟೊಂದು ಮೇಲೆ ಬಂತು. ಬಿಚ್ಚಿದರೆ ಅರ್ಧ ತಿಂದ ರೊಟ್ಟಿ, ಬೆರಳಿಟ್ಟರೆ ಮೆತ್ತಗಿತ್ತು, ಅಂದಿನದೇ. ಅದರ ಪಕ್ಕದಲ್ಲಿ ಒಂದು ಕನ್ನಡಕ. ಒಂದು ಕಡ್ಡಿ ಮುರಿದು, ಹಸಿರು ದಾರದಿಂದ ಸುತ್ತಿ ಬಿಗಿದಿತ್ತು.

ಬಾಗಿಲ ಬಳಿ ಗುಂಪಿನಲ್ಲಿ ಚಂದಮ್ಮ ನಿಂತಿದ್ದಳು. ಗುಮಾಸ್ತ ದಶರಥನ ಹೆಂಡತಿ. ದಶರಥ ತನ್ನ ಕೇರಿಯಿಂದ ಮೊದಲು ಅಕ್ಷರ ಕಲಿತು ಸರ್ಕಾರಿ ಕೆಲಸಕ್ಕೆ ಸೇರಿದವನು. ಈ ವಾಡೆಯಲ್ಲಿ ಅವನನ್ನು ಎಂದೂ ಪಡಸಾಲೆ ಹತ್ತಿಸಿರಲಿಲ್ಲ, ಅಂಗಳದಲ್ಲೇ ನಿಂತು ಬರೆದುಕೊಳ್ಳುತ್ತಿದ್ದ. ಅವನು ಸತ್ತನೆಂದು ಮೊನ್ನೆಯಷ್ಟೇ ಚಂದಮ್ಮನ ಬಳೆ ಒಡೆದಿದ್ದರು. ಐದು ದಿನ ಆಕೆ ಪೀರಪ್ಪನ ಮನೆಯ ಮುಂದೆ ನಿಂತು ಅವನ ವಂಶಕ್ಕೆ ಶಾಪ ಹಾಕಿದ್ದಳು. ಈಗ ಗುಂಪನ್ನು ಸೀಳಿಕೊಂಡು ಬಂದು ನನ್ನ ಕೈಯಿಂದ ಕನ್ನಡಕ ಕಿತ್ತುಕೊಂಡಳು. ಬೋಳಾದ ಮಣಿಕಟ್ಟಿನ ಮೇಲೆ ಬಳೆ ಚೂರಿನ ಗಾಯ ಇನ್ನೂ ಆರಿರಲಿಲ್ಲ.

"ಈ ದಾರ ನಂದರಿ," ಎಂದಳು. "ನಾನ ಸುತ್ತೇನಿ. ಹೊಳಿಗಿ ಹೋಗೋ ದಿನ ಇದ ಕನ್ನಡಕ ಹಾಕ್ಕೊಂಡು ಹೋಗ್ಯಾರ."

ಅಮೀನರು ಹಗೇವಿನೊಳಕ್ಕೆ ಬಗ್ಗಿ, ಯಾರಿದ್ದಾರೆ ನೋಡು ಎಂದು ಕೂಗಿದರು. ಯಾರೂ ಇಲ್ಲ, ಚೀಲ ಬಿಟ್ಟರೆ ಬರೀ ಗೋಡೆ ಎಂದು ಪೀರಪ್ಪ ಉತ್ತರಿಸಿದ.

ಆಗ ನನ್ನ ಬೆನ್ನ ಹಿಂದೆ, ತಮ್ಮಷ್ಟಕ್ಕೆ ತಾವೇ ಅನ್ನುವಂತೆ, ಪಾಟೀಲರು ಮಾತಾಡಿದರು.

"ಮುಂಜಾನಿ ಇಲ್ಲೇ ಇದ್ದನಲ್ಲ."

ಬಾಯಿಂದ ಬಿದ್ದದ್ದು ಬಿದ್ದುಹೋಯಿತು. ಹೊಳೆಯಿಂದ ಬದುಕಿ ಬಂದ ದಶರಥನನ್ನು ಅವರೇ ಇಲ್ಲಿ ಬಚ್ಚಿಟ್ಟಿದ್ದರು. ಐದು ಜನ ಪಂಚರು ಕೇಳಿದರು, ಅಮೀನರು ಕೇಳಿದರು, ಚಂದಮ್ಮ ಕೇಳಿದಳು. ಪಾಟೀಲರ ಮುಖದಲ್ಲಿ ಸಿಕ್ಕಿಬಿದ್ದವನ ಕಳೆ ಇರಲಿಲ್ಲ. ನಮ್ಮೆಲ್ಲರಿಗಿಂತ ಹೆಚ್ಚು ಬೆರಗಾದವರು ಅವರೇ. ಅವರು ನಿಜವಾಗಿಯೂ ಹೆದರಿದ್ದರು, ಮತ್ತು ಹೆದರಿದ್ದು ನಮಗಲ್ಲ.

ಚಂದಮ್ಮ ನೆಲಕ್ಕೆ ಕುಸಿದು ಕೂತು ನಕ್ಕಳು. ನಗುತ್ತಲೇ ಅತ್ತಳು. ಅವರು ಬದುಕಿದ್ದಾರೆ, ಮುಂಜಾನೆ ರೊಟ್ಟಿ ತಿಂದಿದ್ದಾರೆ ಎಂದು ಮತ್ತೆ ಮತ್ತೆ ಹೇಳಿದಳು. ಸಾಬವ್ವ ಆಕೆಯ ಪಕ್ಕ ಕೂತು ಬೆನ್ನ ಮೇಲೆ ಕೈಯಿಟ್ಟಳು. ಐದು ದಿನದ ಶಾಪಗಳನ್ನು ಇಬ್ಬರೂ ನೆನೆಯಲಿಲ್ಲ.

ಹಗ್ಗದ ಆಸರೆಯಿಂದ ಪೀರಪ್ಪ ಮೇಲೆ ಬಂದ. ಅಮೀನರು ಆ ಹಗ್ಗವನ್ನು ಅವನಿಂದ ತೆಗೆದುಕೊಂಡು, ಕೊಡವಿ, ಅದರಲ್ಲೇ ದೌಲತರಾಯ ಪಾಟೀಲರ ಎರಡೂ ಕೈಗಳನ್ನು ಕಟ್ಟಿದರು. ಕಡವಿನಾಳದಲ್ಲಿ ಇಂಥದ್ದನ್ನು ಯಾರೂ ಕಂಡಿರಲಿಲ್ಲ. ಪೀರಪ್ಪ ಗಂಟನ್ನು ಪರೀಕ್ಷಿಸಿ, ಇದು ಸಡಿಲಾಗ್ಯಾದರಿ ಎಂದು ತಾನೇ ಇನ್ನೊಂದು ಸುತ್ತು ಬಿಗಿದುಕೊಟ್ಟ. ಅಂಬಿಗನ ಗಂಟು.

ದಶರಥನನ್ನು ಒಯ್ದವರು ಯಾರು ಎಂದು ಅಮೀನರು ಪಾಟೀಲರನ್ನು ಕೇಳಿದರು. ಪಾಟೀಲರು ತುಟಿ ಒದ್ದೆ ಮಾಡಿಕೊಂಡರು. ಹೆಸರು ಹೇಳಲು ಬಾಯಿ ತೆರೆದದ್ದನ್ನು ನಾನು ಕಂಡೆ.

ಅಷ್ಟರಲ್ಲಿ ಘಾಟಿನ ಕಡೆಯಿಂದ ಕೂಗು ಎದ್ದಿತು.

ಓಡಿದೆವು. ಚೀಲ ಇಳಿಸಿ ಖಾಲಿ ಮಾಡಿ ಕಟ್ಟಿದ್ದ ದೋಣಿ ದಂಡೆಯಲ್ಲಿರಲಿಲ್ಲ. ಊರಿಗೆ ಊರೇ ವಾಡೆಯಲ್ಲಿ ಹಗೇವು ನೋಡುತ್ತಿದ್ದಾಗ ಯಾರೋ ಅದನ್ನು ಬಿಚ್ಚಿಕೊಂಡು ಹೋಗಿದ್ದರು. ದೋಣಿ ಆಗಲೇ ಹೊಳೆಯ ಮೂರನೆಯ ಒಂದು ಭಾಗ ದಾಟಿತ್ತು. ಇಲ್ಲಿ ಭೀಮೆಯ ಈ ದಂಡೆ ನಿಜಾಮರದು, ಆ ದಂಡೆ ಇಂಗ್ರೇಜರದು. ನಡುನೀರು ದಾಟಿದರೆ ಬುರಾನುದ್ದೀನ ಅಮೀನರ ಹುಕುಮು ಒಣ ಕಾಗದ. ಬೇರೆ ದೋಣಿ ಇರಲಿಲ್ಲ, ಇದ್ದ ಇನ್ನೊಂದು ಹೊಳೆಯ ತಳದಲ್ಲಿತ್ತು.

ದೋಣಿಯಲ್ಲಿ ಇಬ್ಬರಿದ್ದರು. ಒಬ್ಬ ನಮಗೆ ಬೆನ್ನು ಮಾಡಿ ಹುಟ್ಟು ಹಾಕುತ್ತಿದ್ದ, ತಲೆಗೆ ಕರಿ ಕಂಬಳಿ ಹೊದ್ದಿದ್ದ. ಇನ್ನೊಬ್ಬ ತಲೆ ತಗ್ಗಿಸಿ ಕೂತಿದ್ದ, ಬರಿಗಣ್ಣಿಗೆ ಬಿಸಿಲು ತಡೆಯದವನ ಹಾಗೆ ಕೈ ಅಡ್ಡ ಹಿಡಿದಿದ್ದ. ಚಂದಮ್ಮ ಕನ್ನಡಕವನ್ನು ಎದೆಗೆ ಒತ್ತಿಕೊಂಡು, ಅವರೇ, ಅವರೇ ಎಂದಳು. ಅಮೀನರು ನಿಲ್ಲಿಸಿರೆಂದು ಕೂಗಿದರು. ಕಂಬಳಿಯವನು ತಿರುಗಿ ನೋಡಲಿಲ್ಲ.

ಪೀರಪ್ಪ ಮಾತ್ರ ಮನುಷ್ಯರನ್ನು ನೋಡುತ್ತಿರಲಿಲ್ಲ. ಅವನು ನೀರಿನ ಅಂಚಿಗೆ ಹೋಗಿ, ಹಣೆಗೆ ಕೈ ಹಚ್ಚಿ, ದೋಣಿಯ ಹೊಟ್ಟೆಯನ್ನೇ ದಿಟ್ಟಿಸುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿದ.

"ಅಪ್ಪೋರ, ನಲವತ್ತು ಚೀಲಕ್ಕ ಮುಳಗದ ದೋಣಿ ಅದು," ಎಂದ. "ಈಗ ಇಬ್ಬರ ಅದಾರ, ಅವರ ಕಾಲಡಿ ಮತ್ತೇನೋ ಭಾರ ಅದ. ಗೆರಿ ಕಾಣವಲ್ದು. ನಾಲ್ಕು ಬೆರಳು ಒಳಗ ಹೋಗ್ಯಾದ."